ಸದ್ದು ಅಡಗಿದ ಮೇಲೂ...



ಮೊನ್ನೆ ಒಂದು ಶನಿವಾರ ನಮ್ಮ ಕನ್ನಡ ಸ್ಲಾಟ್‌ಗೆ ಇಲ್ಲೇ ಕೊಂಡಾಪುರದ ಲೇಡೀಸ್ ಹಾಸ್ಟೆಲ್ ಒಂದರಿಂದ ಫೋನ್ ಬಂತು. ದಾವಣಗೆರೆ ಕಡೆಯ ಹುಡುಗಿ. ಹೈದರಾಬಾದಿಗೆ ಬಂದು ಆರು ತಿಂಗಳಾಗಿದೆಯಂತೆ. ಹಾಡು ಕೇಳುತ್ತಾಳೆ ಅಂದುಕೊಂಡರೆ ಆಕೆ ಕೇಳಿದ್ದೇ ಬೇರೆ.

"ಅಲ್ರೀ, ಊರಿಗೆ ಹೋಗುವಾಗ ರೈಲ್ವೆ ಸ್ಟೇಷನ್‌ನಲ್ಲಿ ಒಂದು ಹಳೇ ಬೋರ್ಡ್ ನೋಡಿದೆ. ಬ್ಯಾಗು, ಸೂಟ್‌ಕೇಸು, ಟಿಫಿನ್ ಬಾಕ್ಸು, ಆಟದ ಸಾಮಾನು, ಟ್ರಾನ್ಸಿಸ್ಟರ್... ಯಾರದೂ ಅಲ್ಲದ್ದು ಕಂಡ್ರೆ ಮುಟ್ಟಬೇಡಿ ಅಂತ ಬರೆದಿದ್ರು. ಬ್ಯಾಗು ಸರಿ, ಟ್ರಾನ್ಸಿಸ್ಟರ್ ಯಾಕ್ರೀ? ಅದೇನ್ ತಪ್ಪು ಮಾಡ್ತು?"

ನಾನು ನಕ್ಕೆ. ಎರಡು ಹಾಡುಗಳ ನಡುವಿನ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ಅದಾಗಿರಲಿಲ್ಲ. "ನಮ್ಮ ಪತ್ರಿಕೇಲಿ ಬರೀತೀನಿ" ಎಂದು ಹೇಳಿ ತಪ್ಪಿಸಿಕೊಂಡೆ. ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲ, ಅದಕ್ಕೇ ಈ ಬರಹ.

ರೇಡಿಯೋ ಮಾಡಿದ ತಪ್ಪೇನು?

ಅದು 1985ರ ಮೇ 10. ದೆಹಲಿಯ ಬಸ್ಸುಗಳಲ್ಲಿ, ಜನ ಸೇರುವ ಜಾಗಗಳಲ್ಲಿ ಯಾರೋ ಮರೆತು ಹೋದಂತೆ ಟ್ರಾನ್ಸಿಸ್ಟರ್‌ಗಳು ಬಿದ್ದಿದ್ದವು. ಆ ಕಾಲದಲ್ಲಿ ಟ್ರಾನ್ಸಿಸ್ಟರ್ ಎಂದರೆ ಸಣ್ಣ ಆಸ್ತಿ. ಸಿಕ್ಕಿದವರು ಎತ್ತಿಕೊಂಡರು, ಕಿವಿಯ ಬಳಿ ಹಿಡಿದರು, ಗುಂಡಿ ತಿರುಗಿಸಿದರು. ಒಳಗಿದ್ದದ್ದು ಬಾಂಬ್. ಆ ದಿನ ಮತ್ತು ಮರುದಿನ ದೆಹಲಿ, ಹರಿಯಾಣ, ಉತ್ತರ ಪ್ರದೇಶಗಳಲ್ಲಿ ಇಂಥ ಸ್ಫೋಟಗಳಿಗೆ ಎಂಬತ್ತಕ್ಕೂ ಹೆಚ್ಚು ಜನ ಬಲಿಯಾದರು. ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿ ಟ್ರಾನ್ಸಿಸ್ಟರ್ ಸೇರಿಕೊಂಡ ಕತೆ ಇದು.

ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ತಿಂಗಳು, ಜೂನ್ 23ರಂದು, ಏರ್ ಇಂಡಿಯಾದ 'ಕನಿಷ್ಕ' ವಿಮಾನ ಐರ್ಲೆಂಡ್ ಸಮೀಪದ ಆಕಾಶದಲ್ಲಿ ಬಾಂಬಿಗೆ ಛಿದ್ರವಾಗಿ ಅದರಲ್ಲಿದ್ದ 329 ಜನರೂ ಸತ್ತರು. ಅದೇ ದಿನ ಜಪಾನಿನ ನರಿಟಾ ವಿಮಾನ ನಿಲ್ದಾಣದಲ್ಲಿ ಸ್ಟೀರಿಯೋ ಟ್ಯೂನರ್ ಒಂದರಲ್ಲಿ ಅಡಗಿಸಿದ್ದ ಬಾಂಬ್ ಸಿಡಿದು, ಸಾಮಾನು ಸಾಗಿಸುತ್ತಿದ್ದ ಇಬ್ಬರು ನೌಕರರು ತೀರಿಕೊಂಡರು. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್‌ಬಿ ಊರಿನ ಮೇಲೆ ಒಡೆದುಬಿದ್ದ ಪ್ಯಾನ್ ಆಮ್ ವಿಮಾನದಲ್ಲಿ ಬಾಂಬ್ ಇದ್ದದ್ದು ಒಂದು ರೇಡಿಯೋ ಕ್ಯಾಸೆಟ್ ಪ್ಲೇಯರ್‌ನಲ್ಲಿ. ವಿಮಾನದಲ್ಲಿದ್ದ 259 ಮಂದಿ, ನೆಲದ ಮೇಲಿದ್ದ 11 ಮಂದಿ ಸತ್ತರು.

ರೇಡಿಯೋದಿಂದಲೇ ಅನ್ನ ತಿನ್ನುವ ನನ್ನಂಥವರಿಗೆ ಇದನ್ನು ಬರೆಯುವಾಗ ಕೈ ತಡೆಯುತ್ತದೆ. ನೋಡಿ, ಮನೆಯವರಂತೆ ಮಾತಾಡುವ ಪೆಟ್ಟಿಗೆ ಅದು. ಅದನ್ನೇ ಯಾಕೆ ಆರಿಸಿಕೊಂಡರು? ಯಾರೂ ಅನುಮಾನಪಡುವುದಿಲ್ಲ ಎಂಬುದಕ್ಕೇ. ಬಾಂಬಿನ ಇತಿಹಾಸ ಓದುತ್ತ ಹೋದ ಹಾಗೆ ನನಗೆ ಕಂಡದ್ದು ಇದು: ಕೋಟೆಯ ಗೋಡೆಗೆ ಗುರಿಯಿಟ್ಟು ಹೊರಟ ಆಯುಧ ಹೆಜ್ಜೆ ಹೆಜ್ಜೆಯಾಗಿ ನಮ್ಮ ನಿಮ್ಮ ಮನೆಯ ಸಾಮಾನಿನೊಳಗೆ ಬಂದು ಕೂತಿತು. ಬನ್ನಿ, ಆ ದಾರಿಯಲ್ಲಿ ಸ್ವಲ್ಪ ಹಿಂದಕ್ಕೆ ಹೋಗೋಣ.

ಶ್ರೀರಂಗಪಟ್ಟಣದಿಂದ ಕೋಪನ್‌ಹೇಗನ್‌ಗೆ

ಈ ದಾರಿ ನಮ್ಮ ಕರ್ನಾಟಕವನ್ನೂ ಹಾದುಹೋಗುತ್ತದೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯದ ರಾಕೆಟ್‌ಗಳ ಬಗ್ಗೆ ನೀವು ಕೇಳಿಯೇ ಇರುತ್ತೀರಿ. ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರಿನ ಕೋಲಿಗೆ ಕಟ್ಟಿ ಹಾರಿಸುತ್ತಿದ್ದ ಆಯುಧ. 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯ ಸೋತು ಸುಣ್ಣವಾಗಲು ಈ ರಾಕೆಟ್‌ಗಳೂ ಒಂದು ಕಾರಣ. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದ, ಅಂದರೆ ಹಳೆಯ ಬಿದನೂರಿನ, ಪಾಳುಬಾವಿಯೊಂದರ ಹೂಳಿನಲ್ಲಿ ಇಂಥ ಸಾವಿರದಷ್ಟು ರಾಕೆಟ್‌ಗಳು ಸಿಕ್ಕಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು.

ನಾವು ಹೆಮ್ಮೆಯಿಂದ ಹೇಳುವ ಈ ಕತೆಗೆ ಇನ್ನೊಂದು ಭಾಗವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಈ ರಾಕೆಟ್‌ಗಳನ್ನು ತಮ್ಮ ದೇಶಕ್ಕೆ ಸಾಗಿಸಿದರು. ವಿಲಿಯಂ ಕಾಂಗ್ರೀವ್ ಎಂಬಾತ ಅವುಗಳ ಮಾದರಿಯಲ್ಲಿ ಹೊಸ ರಾಕೆಟ್ ತಯಾರಿಸಿದ. 1807ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಮೇಲೆ ಮದ್ದುಗುಂಡುಗಳ ಜೊತೆ ಅವನ್ನೂ ಸುರಿಸಿದರು. ಗುರಿಯಾದದ್ದು ಕೋಟೆ ಮಾತ್ರವಲ್ಲ, ಊರು. ಮನೆಗಳು, ಚರ್ಚು, ಬೀದಿಗಳು ಸುಟ್ಟವು. ಸತ್ತವರಲ್ಲಿ ಸೈನಿಕರಿಗಿಂತ ಊರವರೇ ಹೆಚ್ಚು. ಊರನ್ನು ಹೆದರಿಸಿದರೆ ಅರಸ ಶರಣಾಗುತ್ತಾನೆ ಎಂಬ ಲೆಕ್ಕ ಅದು. ಆ ಲೆಕ್ಕ ಮುಂದೆಯೂ ನಡೆಯಿತು.

1911ರ ನವೆಂಬರ್ 1ರಂದು ಇಟಲಿಯ ಜೂಲಿಯೋ ಗವೋಟಿ ಎಂಬ ಪೈಲಟ್ ಲಿಬಿಯಾದಲ್ಲಿ ವಿಮಾನದಿಂದ ಕೈಯಾರೆ ನಾಲ್ಕು ಸಣ್ಣ ಬಾಂಬ್‌ಗಳನ್ನು ಎಸೆದ. ವಿಮಾನದಿಂದ ಬಾಂಬ್ ಬಿದ್ದದ್ದು ಚರಿತ್ರೆಯಲ್ಲಿ ಅದೇ ಮೊದಲು. ಒಂದೊಂದರ ತೂಕ ಎರಡು ಕಿಲೋ ಆಸುಪಾಸು. ಇಪ್ಪತ್ತಾರು ವರ್ಷ ಕಳೆದು, 1937ರ ಏಪ್ರಿಲ್ 26ರಂದು, ಜರ್ಮನಿ ಮತ್ತು ಇಟಲಿಯ ವಿಮಾನಗಳು ಸ್ಪೇನಿನ ಗೆರ್ನಿಕಾ ಎಂಬ ಸಣ್ಣ ಪಟ್ಟಣವನ್ನು ಬಾಂಬ್ ಹಾಕಿ ಸುಟ್ಟವು. ಆ ದಿನ ಅಲ್ಲಿ ಸಂತೆಯ ದಿನ. ಪಿಕಾಸೊ ಚಿತ್ರ ಬರೆದದ್ದು ಆ ಊರಿನದೇ.

ಆಮೇಲೆ ಎರಡನೇ ಮಹಾಯುದ್ಧ. ಲಂಡನ್, ಹ್ಯಾಂಬರ್ಗ್, ಡ್ರೆಸ್ಡೆನ್... ಒಂದು ಪಕ್ಷ ಮಾಡಿದ್ದನ್ನು ಇನ್ನೊಂದು ಪಕ್ಷವೂ ಮಾಡಿತು. 1945ರ ಮಾರ್ಚ್ 9-10ರ ಒಂದೇ ರಾತ್ರಿ ಟೋಕಿಯೋದಲ್ಲಿ ಬೆಂಕಿಬಾಂಬ್‌ಗಳಿಗೆ ಸುಮಾರು ಒಂದು ಲಕ್ಷ ಜನ ಸತ್ತರೆಂದು ಅಂದಾಜು. ಅದೇ ವರ್ಷ ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಸಾಕಿ. ಹಿರೋಶಿಮಾ ಒಂದರಲ್ಲೇ ಆ ವರ್ಷದ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000.

ನಮ್ಮ ತೊಗರಿ ಹೊಲದ ಮೇಲೆ

ಇವೆಲ್ಲ ದೂರದ ಊರುಗಳಾಯಿತು ಎನ್ನುತ್ತೀರಾ? 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬ್ ಹಾಕಿದವು. ಮದರಾಸಿನ ಜನ ಮನೆಗೆ ಬೀಗ ಹಾಕಿ ಒಳನಾಡಿನ ಊರುಗಳಿಗೆ ಗುಳೆ ಹೋದರು.

ಇನ್ನೂ ಹತ್ತಿರದ್ದು ಬೇಕೆಂದರೆ ನಮ್ಮ ಊರಿನ ರಸ್ತೆಗೇ ಬನ್ನಿ. ನನ್ನದು ಬಸವಕಲ್ಯಾಣ. ಮಿಯಾಪುರದಲ್ಲಿ ಬಸ್ ಹತ್ತಿದರೆ ಜಹೀರಾಬಾದ್, ಹುಮನಾಬಾದ್ ದಾಟಿ ರಾಜೇಶ್ವರ ಎಂಬ ಊರು ಬರುತ್ತದೆ. ಬೀದರ್ ಜಿಲ್ಲೆಯ ಎಷ್ಟೋ ಕನ್ನಡಿಗರು ಹಬ್ಬಕ್ಕೆ ಊರಿಗೆ ಹೋಗುವ ದಾರಿ ಅದು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ಬಂದಾಗ ಅದರ ಮುಖ್ಯ ಪಡೆ ಸೊಲ್ಲಾಪುರದಿಂದ ಇದೇ ದಾರಿ ಹಿಡಿದಿತ್ತು. 'ಆಪರೇಷನ್ ಪೋಲೋ' ಎಂದು ಆ ಕಾರ್ಯಾಚರಣೆಯ ಹೆಸರು. ಮರುದಿನ ಉಮರ್ಗಾದಿಂದ ರಾಜೇಶ್ವರದ ಕಡೆ ಬರುವಾಗ ದಾರಿಯಲ್ಲಿ ಎದುರಾಳಿಗಳು ಹೊಂಚು ಹಾಕಿ ಕೂತಿರುವುದು ಗೊತ್ತಾಗಿ ವಾಯುಪಡೆಯ ಟೆಂಪೆಸ್ಟ್ ವಿಮಾನಗಳನ್ನು ಕರೆಸಿದರು. ಅವು ದಾಳಿ ಮಾಡಿ ದಾರಿ ಬಿಡಿಸಿಕೊಟ್ಟ ಮೇಲೆ ಮಧ್ಯಾಹ್ನದ ಹೊತ್ತಿಗೆ ಸೈನ್ಯ ರಾಜೇಶ್ವರ ತಲುಪಿತು. ಸೆಪ್ಟೆಂಬರ್ 17ರಂದು ನಿಜಾಮರು ಯುದ್ಧ ನಿಲ್ಲಿಸಿದ್ದನ್ನು ಸಾರಿದ್ದೂ ರೇಡಿಯೋದಲ್ಲೇ.

ಆಗ ನಮ್ಮ ಅಜ್ಜಿಗೆ ಹನ್ನೆರಡು ವರ್ಷ. ಅದಕ್ಕೂ ಮುಂಚೆ ಆಕೆ ವಿಮಾನ ನೋಡಿರಲಿಲ್ಲ. ರಜಾಕಾರರ ಭಯಕ್ಕೆ ಅದಾಗಲೇ ಬೆಲೆಬಾಳುವುದನ್ನೆಲ್ಲ ಗೋಡೆಯಲ್ಲಿ ಹುಗಿದು ಕೂತಿದ್ದ ಮನೆ ಅದು. ವಿಮಾನದ ಸದ್ದು ಕೇಳಿ ಅವರವ್ವ ಮಕ್ಕಳನ್ನೆಲ್ಲ ಎಳಕೊಂಡು ತೊಗರಿ ಹೊಲದಲ್ಲಿ ಬೋರಲು ಮಲಗಿಸಿದಳಂತೆ. "ಬಿಡಸಾಕ ಬಂದಾವ ಅಂತ ಗೊತ್ತಿರಲಿಲ್ಲವ್ವಾ, ಮ್ಯಾಲಿಂದ ಬಂದದ್ದು ಯಾರದರ ಇರಲಿ, ಕೆಳಗಿದ್ದವರಿಗಿ ಒಂದ ಸಪ್ಪಳ" ಎಂದು ಆಕೆ ನನ್ನ ಅವ್ವನಿಗೆ ಹೇಳುತ್ತಿದ್ದಳು. ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿದೆಯಲ್ಲ, ಅಲ್ಲಿಯ ವಿಮಾನಗಳು ಆಗಾಗ ನಮ್ಮ ಕಡೆಯೂ ಹಾರುತ್ತವೆ. ನಾವು ಹುಡುಗರು ಕೈ ಬೀಸುತ್ತ ಅಂಗಳಕ್ಕೆ ಓಡಿದರೆ, ಅಜ್ಜಿ ಕೇರುತ್ತಿದ್ದ ಮೊರವನ್ನು ಎತ್ತಿಕೊಂಡು ಸುಮ್ಮನೆ ಒಳಗೆ ಹೋಗುತ್ತಿದ್ದಳು. ತೀರಿಕೊಳ್ಳುವ ತನಕವೂ ಹಾಗೇ. ಐದು ದಿನಗಳ ಯುದ್ಧ ಅದು, ಆಕೆಯಲ್ಲಿ ಅರುವತ್ತು ವರ್ಷದ ಮೇಲೆ ಉಳಿಯಿತು.

ವಿಮಾನದ ಸದ್ದು ನಿಂತ ಮೇಲೆ ಆ ಹಳ್ಳಿಗಳಲ್ಲಿ ನಡೆದ ಹತ್ಯೆಗಳದು ಇನ್ನೊಂದು ಕತೆ. ಪಂಡಿತ್ ಸುಂದರಲಾಲ್ ಸಮಿತಿ ತನ್ನ ವರದಿಯಲ್ಲಿ ಕೊಟ್ಟ ಅಂದಾಜು 27,000ದಿಂದ 40,000 ಸಾವು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರ್, ಗುಲಬರ್ಗಾ ಕೂಡ ಇದ್ದವು. ರಜಾಕಾರರು ಮೊದಲು ಮಾಡಿದ್ದನ್ನೂ ಆಮೇಲೆ ನಡೆದದ್ದನ್ನೂ ನಮ್ಮ ಕಡೆಯ ಹಿರಿಯರು ಒಂದೇ ಉಸಿರಿನಲ್ಲಿ ಹೇಳಿ, ಅರ್ಧಕ್ಕೇ ಮಾತು ನಿಲ್ಲಿಸುತ್ತಿದ್ದರು.

ಕುದುರೆಗಾಡಿಯಿಂದ ಸೈಕಲ್ಲಿಗೆ

ಯುದ್ಧದ ಬಾಂಬಿಗೆ ಕನಿಷ್ಠ ಒಂದು ಸೈರನ್ ಇರುತ್ತಿತ್ತು. ಭಯೋತ್ಪಾದಕರ ಬಾಂಬಿಗೆ ಅದೂ ಇಲ್ಲ. 1920ರ ಸೆಪ್ಟೆಂಬರ್ 16ರಂದು ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಯಾರೋ ನಿಲ್ಲಿಸಿ ಹೋದ ಕುದುರೆಗಾಡಿ ಸಿಡಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಗುಮಾಸ್ತರು, ಟೈಪಿಸ್ಟರು, ಸುದ್ದಿ ಮುಟ್ಟಿಸುವ ಹುಡುಗರು. ಇಟ್ಟವರು ಯಾರೆಂದು ನ್ಯಾಯಾಲಯದಲ್ಲಿ ಸಾಬೀತಾಗಲೇ ಇಲ್ಲ. 1993ರ ಮಾರ್ಚ್ 12ರಂದು ಮುಂಬೈಯಲ್ಲಿ ಒಂದೇ ಮಧ್ಯಾಹ್ನ ಸಾಲಾಗಿ ಸಿಡಿದ ಬಾಂಬ್‌ಗಳಲ್ಲಿ ಹೆಚ್ಚಿನವು ಇದ್ದದ್ದು ಕಾರು, ಸ್ಕೂಟರುಗಳಲ್ಲಿ. ಸತ್ತವರು 257.

ನಮ್ಮ ಹೈದರಾಬಾದಿನ ಸರದಿ ಬಂದದ್ದು 2007ರಲ್ಲಿ. ಮೇ 18ರ ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮೆಕ್ಕಾ ಮಸೀದಿಯಲ್ಲಿ ಸ್ಫೋಟವಾಗಿ 9 ಜನ ಸತ್ತರು. ಆ ಬಳಿಕದ ಗಲಭೆಯಲ್ಲಿ ಪೊಲೀಸರ ಗುಂಡಿಗೆ ಇನ್ನೂ 5 ಮಂದಿ. ಮೂರು ತಿಂಗಳು ಕಳೆಯಿತು. ಆಗಸ್ಟ್ 25, ಶನಿವಾರ, ಸಂಜೆ ಏಳೂ ಮುಕ್ಕಾಲರ ಸುಮಾರು. ಹುಸೇನ್ ಸಾಗರದ ದಂಡೆಯ ಲುಂಬಿನಿ ಪಾರ್ಕಿನಲ್ಲಿ ಲೇಸರ್ ಶೋ ನೋಡುತ್ತಿದ್ದವರ ನಡುವೆ ಒಂದು ಬಾಂಬ್, ಕೆಲವೇ ನಿಮಿಷದಲ್ಲಿ ಕೋಠಿಯ ಗೋಕುಲ್ ಚಾಟ್‌ನಲ್ಲಿ ಇನ್ನೊಂದು. 40ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಹಾರಾಷ್ಟ್ರದಿಂದ ಪ್ರವಾಸ ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದರು. ದಿಲ್‌ಸುಖ್‌ನಗರದಲ್ಲಿ ಸಿಡಿಯದ ಮೂರನೇ ಬಾಂಬ್ ಸಿಕ್ಕಿತು.

ಆಗ ನಾನು ಬಿ.ಎ. ಓದುತ್ತಿದ್ದೆ, ಮನೆಯಲ್ಲಿದ್ದೆ. ನಮ್ಮಣ್ಣ ಕೊಂಡಾಪುರದಲ್ಲಿ ಮೂವರು ಗೆಳೆಯರ ಜೊತೆ ರೂಮ್ ಮಾಡಿಕೊಂಡಿದ್ದ. ಶನಿವಾರ ಬಂದರೆ ಹಳೇ ಪುಸ್ತಕ ಕೊಳ್ಳಲು ಕೋಠಿಗೆ ಹೋಗುವುದು, ಬರುವಾಗ ಗೋಕುಲ್ ಚಾಟ್‌ನಲ್ಲಿ ತಿನ್ನುವುದು ಅವನ ರೂಢಿ. ಟಿ.ವಿ.ಯಲ್ಲಿ ಆ ಅಂಗಡಿ ತೋರಿಸಿದ್ದೇ ತಡ, ಅವ್ವ ಫೋನ್ ಹಚ್ಚಿದಳು. ಲೈನ್ ಸಿಗಲಿಲ್ಲ. "ಅಂವ ಯಾಕ ಎತ್ತವಲ್ಲ, ಯಾಕ ಎತ್ತವಲ್ಲ" ಎನ್ನುತ್ತ ಅಡುಗೆಮನೆಗೂ ಫೋನಿಗೂ ಅಡ್ಡಾಡಿದಳು. ರಾತ್ರಿ ಹನ್ನೊಂದೂವರೆಗೆ ಅವನೇ ಕರೆ ಮಾಡಿದ. ಆ ಶನಿವಾರ ಆಫೀಸಿನಲ್ಲಿ ಕೆಲಸ ಬಿದ್ದು ಕೋಠಿಗೆ ಹೋಗಿರಲಿಲ್ಲ. ಅವನ ಜೊತೆ ಹೊರಡಬೇಕಿದ್ದ ಗೆಳೆಯ ಒಬ್ಬನೇ ಹೋಗಿದ್ದ.

ಆ ಗೆಳೆಯ ಬದುಕಿಕೊಂಡ. ಅಂಗಡಿಯಿಂದ ಸ್ವಲ್ಪ ದೂರದಲ್ಲಿದ್ದನಂತೆ. ಆದರೆ ಅವತ್ತಿನಿಂದ ಅವನ ಬಲಗಿವಿ ಸರಿಯಾಗಿ ಕೇಳುವುದಿಲ್ಲ. ಬಾಂಬ್ ಸಿಡಿದಾಗ ಚೂರುಗಳಷ್ಟೇ ಅಲ್ಲ, ಗಾಳಿಯ ಒತ್ತಡದ ಅಲೆಯೂ ಬಂದು ಬಡಿಯುತ್ತದೆ. ನಮ್ಮ ದೇಹದಲ್ಲಿ ಆ ಅಲೆಗೆ ಮೊದಲು ಹರಿಯುವುದು ಕಿವಿಯ ತಮಟೆ. ಗಾಯ ಮಾಯ್ದ ಮೇಲೂ ಕೆಲವರಿಗೆ ಕಿವಿಯೊಳಗೆ ಒಂದು ಗುಂಯ್‌ಗುಟ್ಟುವಿಕೆ ನಿಲ್ಲುವುದಿಲ್ಲ. ಅಣ್ಣನ ಆ ಗೆಳೆಯ ನಮ್ಮ ಸ್ಲಾಟಿನ ಕೇಳುಗರು. ಎಡಗಿವಿಯಿಂದಲೇ ಕೇಳುತ್ತಾರೆ. ದೀಪಾವಳಿಯ ವಾರ ಮಾತ್ರ ರೇಡಿಯೋ ಜೋರು ಮಾಡಿ, ಕಿಟಕಿ ಮುಚ್ಚಿ ಕೂತಿರುತ್ತಾರೆ.

2013ರ ಫೆಬ್ರವರಿ 21ಕ್ಕೆ ಅದೇ ದಿಲ್‌ಸುಖ್‌ನಗರದಲ್ಲಿ ಮತ್ತೆ. ಸಂಜೆ ಏಳರ ಜನಸಂದಣಿ, ಬಸ್ ಸ್ಟಾಪು, ಮಿರ್ಚಿ ಬಜ್ಜಿ ಅಂಗಡಿ. ಬಾಂಬ್ ಇದ್ದದ್ದು ಎರಡು ಸೈಕಲ್‌ಗಳ ಮೇಲೆ. 18 ಜನ ಸತ್ತರು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ನಮ್ಮ ರಾಜ್ಯದ ಪಟ್ಟಿಯೂ ಚಿಕ್ಕದಲ್ಲ. 2008ರ ಜುಲೈ 25ರ ಬೆಂಗಳೂರಿನ ಸರಣಿ ಸ್ಫೋಟ, 2010ರ ಚಿನ್ನಸ್ವಾಮಿ ಕ್ರೀಡಾಂಗಣ, 2013ರ ಮಲ್ಲೇಶ್ವರ, 2014ರ ಚರ್ಚ್ ಸ್ಟ್ರೀಟ್. 2022ರ ನವೆಂಬರ್‌ನಲ್ಲಿ ಮಂಗಳೂರಿನ ಆಟೋದಲ್ಲಿ ಸಿಡಿದದ್ದು ಕುಕ್ಕರ್. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ತಿಂಡಿಗೆ ಬಂದವರ ನಡುವೆ ಬಿಟ್ಟುಹೋದ ಒಂದು ಬ್ಯಾಗು. ರೇಡಿಯೋ, ಸೈಕಲ್ಲು, ಕುಕ್ಕರು, ಬ್ಯಾಗು... ನಮ್ಮ ಮನೆಯಲ್ಲಿ ಇಲ್ಲದ್ದು ಇವುಗಳಲ್ಲಿ ಯಾವುದು ಹೇಳಿ?

ಲೆಕ್ಕಕ್ಕೆ ಸಿಗದ ಗಾಯಗಳು

ಎಷ್ಟು ಜನ ಸತ್ತರು ಎಂಬ ಅಂಕಿ ಮರುದಿನದ ಪೇಪರಿನಲ್ಲಿ ಬರುತ್ತದೆ. ಅಲ್ಲಿಗೆ ಬಾಂಬಿನ ಕೆಲಸ ಮುಗಿಯಿತೇ?

ಮೆಕ್ಕಾ ಮಸೀದಿಯ ವಿಷಯವನ್ನೇ ನೋಡಿ. ಸ್ಫೋಟದ ಬಳಿಕ ಹತ್ತಾರು ಮುಸ್ಲಿಂ ಯುವಕರನ್ನು ಪೊಲೀಸರು ಹಿಡಿದು ವಿಚಾರಿಸಿದರು. ಹಲವರು ಜೈಲಿನಲ್ಲಿದ್ದು ಕೊನೆಗೆ ನ್ಯಾಯಾಲಯದಲ್ಲಿ ಖುಲಾಸೆಯಾದರು. ಸರ್ಕಾರ ಅವರಿಗೆ ಪರಿಹಾರದ ಹಣವನ್ನೂ ಒಳ್ಳೆಯ ನಡತೆಯ ಪತ್ರವನ್ನೂ ಕೊಟ್ಟಿತು, ಮುಂದೆ ಆ ಪರಿಹಾರದ ಆದೇಶವೂ ಹೈಕೋರ್ಟಿನಲ್ಲಿ ರದ್ದಾಯಿತು. ತನಿಖೆ ಸಿಬಿಐಗೆ, ಬಳಿಕ ಎನ್‌ಐಎಗೆ ಹೋಗಿ, ಹಿಂದೂ ತೀವ್ರವಾದಿ ಗುಂಪಿನವರೆಂದು ಬೇರೆಯವರ ಮೇಲೆ ಆರೋಪ ಬಂತು. 2018ರ ಏಪ್ರಿಲ್ 16ರಂದು ವಿಚಾರಣೆ ಎದುರಿಸಿದ ಐವರೂ ಸಾಕ್ಷ್ಯ ಸಾಲದೆ ಬಿಡುಗಡೆಯಾದರು. ಹನ್ನೊಂದು ವರ್ಷದ ಕೊನೆಗೆ ಸತ್ತವರ ಮನೆಯವರ ಕೈಗೆ ಸಿಕ್ಕಿದ್ದೇನು? ಜೈಲು ಕಂಡು ಬಂದ ಹುಡುಗರ ಹೋದ ವರ್ಷಗಳನ್ನು ಕೊಡುವವರು ಯಾರು?

ಗೋಕುಲ್ ಚಾಟ್, ಲುಂಬಿನಿ ಪಾರ್ಕ್ ಪ್ರಕರಣದ ತೀರ್ಪು ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ. ಇಬ್ಬರಿಗೆ ಗಲ್ಲು, ಒಬ್ಬನಿಗೆ ಜೀವಾವಧಿ. ದಿಲ್‌ಸುಖ್‌ನಗರದ ಪ್ರಕರಣದಲ್ಲಿ ಐವರಿಗೆ 2016ರಲ್ಲಿ ವಿಧಿಸಿದ ಗಲ್ಲು ಶಿಕ್ಷೆಯನ್ನು ತೆಲಂಗಾಣ ಹೈಕೋರ್ಟ್ ಎತ್ತಿಹಿಡಿದದ್ದು 2025ರ ಏಪ್ರಿಲ್‌ನಲ್ಲಿ. ಇನ್ನು 1985ರ ಆ ಟ್ರಾನ್ಸಿಸ್ಟರ್ ಪ್ರಕರಣ? ಮೂವತ್ತೈದು ವರ್ಷ ಎಳೆದು, 2020ರ ಮಾರ್ಚ್‌ನಲ್ಲಿ ದೆಹಲಿಯ ನ್ಯಾಯಾಲಯ ತನಿಖೆಯೇ ದೋಷದ್ದೆಂದು ಹೇಳಿ, ಉಳಿದಿದ್ದ 30 ಆರೋಪಿಗಳನ್ನೂ ಬಿಟ್ಟಿತು. ಅಷ್ಟರಲ್ಲಿ ಅವರಲ್ಲಿ ಎಷ್ಟೋ ಜನ ಮುದುಕರಾಗಿದ್ದರು.

ಮನಸ್ಸಿನ ಗಾಯ ಇನ್ನೊಂದು. ಮೊದಲ ಮಹಾಯುದ್ಧದ ಸೈನಿಕರು ಮೈಮೇಲೆ ಗಾಯವಿಲ್ಲದೆಯೇ ನಡುಗುತ್ತಿದ್ದಾಗ ವೈದ್ಯರು ಅದಕ್ಕೆ 'ಶೆಲ್ ಶಾಕ್' ಎಂದರು. ಎಷ್ಟೋ ಮೇಲಧಿಕಾರಿಗಳು ಪುಕ್ಕಲುತನ ಎಂದರು. ಅಮೆರಿಕದ ಮನೋವೈದ್ಯರು ಅದನ್ನು ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ಕಾಯಿಲೆಯೆಂದು ತಮ್ಮ ಪುಸ್ತಕಕ್ಕೆ ಸೇರಿಸಿದ್ದು 1980ರಲ್ಲಿ. ಮೊರ ಎತ್ತಿಕೊಂಡು ಒಳಗೆ ಹೋಗುತ್ತಿದ್ದ ನಮ್ಮಜ್ಜಿಗೆ ಅಂಥ ಯಾವ ಹೆಸರೂ ಗೊತ್ತಿರಲಿಲ್ಲ.

ಸಿಡಿಯದ ಬಾಂಬಿಗಂತೂ ಮುದಿತನವೇ ಇಲ್ಲ. 1964ರಿಂದ 1973ರ ತನಕ ಅಮೆರಿಕದ ವಿಮಾನಗಳು ಲಾವೋಸ್ ಎಂಬ ಬಡ ದೇಶದ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬ್ ಸುರಿದವು. ಅದರಲ್ಲಿ ಚೆಂಡಿನಷ್ಟು ಗಾತ್ರದ ಮರಿಬಾಂಬ್‌ಗಳೇ ಸುಮಾರು 27 ಕೋಟಿ, ಸಿಡಿಯದೆ ಮಣ್ಣಿನಲ್ಲಿ ಉಳಿದವು ಸುಮಾರು 8 ಕೋಟಿ. ಇವತ್ತಿಗೂ ಗದ್ದೆ ಅಗೆಯುವವರು, ಆಟದ ಚೆಂಡೆಂದು ಎತ್ತಿಕೊಳ್ಳುವ ಮಕ್ಕಳು ಸಾಯುತ್ತಾರೆ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಕಟ್ಟಡದ ಅಡಿಪಾಯ ತೋಡುವಾಗ ಸಿಕ್ಕ ಎರಡನೇ ಮಹಾಯುದ್ಧದ ಒಂದೇ ಒಂದು ಬಾಂಬಿಗಾಗಿ 60,000ಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೊರಗೆ ಹೋಗಬೇಕಾಯಿತು. ಹಿರೋಶಿಮಾದಲ್ಲಿ ಎರಡು ವರ್ಷದ ಕೂಸಾಗಿದ್ದ ಸಡಾಕೊ ಸಸಾಕಿ ಎಂಬ ಹುಡುಗಿ ರಕ್ತದ ಕ್ಯಾನ್ಸರಿನಿಂದ ಸತ್ತದ್ದು 1955ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ. ಅಲ್ಲಿ ಬದುಕುಳಿದವರು ಮದುವೆಗೆ, ಕೆಲಸಕ್ಕೆ ಬೇಡವಾದವರಾಗಿ, ತಮ್ಮದೇ ಸಂಘ ಕಟ್ಟಿಕೊಂಡು ಅಣುಬಾಂಬ್ ಬೇಡವೆಂದು ಊರೂರು ಸುತ್ತಿದರು. ನಿಹೊನ್ ಹಿಡಾಂಕ್ಯೊ ಎಂಬ ಆ ಸಂಘಕ್ಕೆ 2024ರಲ್ಲಿ ಶಾಂತಿ ನೊಬೆಲ್ ಬಂತು.

ನಮ್ಮ ಕೊಂಡಾಪುರದಲ್ಲೂ ಗುರುತುಗಳಿವೆ, ನಾವು ಗಮನಿಸುವುದಿಲ್ಲ ಅಷ್ಟೆ. ಮಾಲ್‌ನ ಬಾಗಿಲಲ್ಲಿ ಬ್ಯಾಗು ತೆರೆದು ತೋರಿಸುತ್ತೇವಲ್ಲ, ಸಿನಿಮಾ ಥಿಯೇಟರಿನಲ್ಲಿ ಕೈ ಎತ್ತಿ ನಿಲ್ಲುತ್ತೇವಲ್ಲ... ದಿಲ್‌ಸುಖ್‌ನಗರದ ಸ್ಫೋಟವಾದ ವರ್ಷವೇ, 2013ರಲ್ಲಿ, ಆಗಿನ ಆಂಧ್ರಪ್ರದೇಶ ಸರ್ಕಾರ ಸಾರ್ವಜನಿಕ ಸುರಕ್ಷತೆಯ ಕಾಯ್ದೆ ತಂದು, ಹೆಚ್ಚು ಜನ ಸೇರುವ ಅಂಗಡಿ, ಆಸ್ಪತ್ರೆ, ಕಟ್ಟಡಗಳಲ್ಲಿ ಸಿಸಿ ಕ್ಯಾಮೆರಾ ಕಡ್ಡಾಯ ಮಾಡಿತು. ನಾವು ಮಿರ್ಚಿ ಬಜ್ಜಿ ತಿನ್ನುವಾಗ ಮೇಲಿಂದ ನೋಡುವ ಆ ಕಣ್ಣು ಬಂದ ದಾರಿ ಇದು.

ಮೈಕಿನ ಮುಂದೆ ಆ ಸಂಜೆ

ಕೊನೆಗೆ ನನ್ನದೊಂದು ಅನುಭವ ಹೇಳಿ ಮುಗಿಸುತ್ತೇನೆ. 2013ರ ಆ ಗುರುವಾರ ನಾನು ರೇಡಿಯೋ ಕೆಲಸಕ್ಕೆ ಹೊಸಬ. ಸಂಜೆಯ ಪಾಳಿ. ಕಂಪ್ಯೂಟರಿನಲ್ಲಿ ಮೊದಲೇ ಜೋಡಿಸಿಟ್ಟ ಹಾಡುಗಳೆಲ್ಲ ಕುಣಿಯುವ ಹಾಡುಗಳೇ. ಏಳು ಗಂಟೆಯ ಮೇಲೆ ಫೋನುಗಳು ಒಂದೇ ಸಮನೆ ಬರತೊಡಗಿದವು. ಒಬ್ಬರು ಎರಡು ಬಾಂಬ್ ಎಂದರು, ಇನ್ನೊಬ್ಬರು ಏಳು ಎಂದರು. ಮತ್ತೊಬ್ಬರು ಮಾಡಿದವರು ಇಂಥ ಜಾತಿಯವರೇ ಎಂದು ಹೆಸರು ಹಿಡಿದು ಹೇಳಿ, "ಅನೌನ್ಸ್ ಮಾಡಿ" ಎಂದರು. ಸ್ಫೋಟವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ!

ನಮ್ಮಂಥ ಖಾಸಗಿ ಎಫ್‌ಎಂಗಳಿಗೆ ಸ್ವಂತ ವಾರ್ತೆ ಓದುವ ಅನುಮತಿಯಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆ ಪ್ರಸಾರ ಮಾಡಬಹುದಷ್ಟೆ. ಆ ದಿನದ ತನಕ ಅದು ನನಗೆ ಕೈಕಟ್ಟಿ ಹಾಕಿದಂತೆ ಅನ್ನಿಸುತ್ತಿತ್ತು. ಆ ಸಂಜೆ ಮಾತ್ರ ಅದರಿಂದ ಒಂದು ಉಪಕಾರವಾಯಿತು, ಬಾಯಿಗೆ ಬಂದದ್ದನ್ನು ಹೇಳುವ ಹಾಗಿರಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ಬಂದು ಕುಣಿಯುವ ಹಾಡುಗಳನ್ನೆಲ್ಲ ತೆಗೆಸಿದರು. "ಯಾವ ರಸ್ತೆ ಮುಚ್ಚಿದೆ, ಅದನ್ನ ಮಾತ್ರ ಹೇಳು. ದನಿ ಏರಿಸಬೇಡ" ಎಂದರು. ಹಾಗೇ ಮಾಡಿದೆ. ಹತ್ತು ಗಂಟೆಗೆ ಮೈಕ್ ಆಫ್ ಮಾಡಿದಾಗ ಅಂಗೈ ಬೆವರಿ ಒದ್ದೆಯಾಗಿತ್ತು. ಏಳು ಬಾಂಬ್ ಎಂದವರ ಮಾತು ಸುಳ್ಳಾಗಿತ್ತು. ಜಾತಿ ಹೇಳಿದವರ ಮಾತನ್ನು ನಾನು ಮೈಕಿನಲ್ಲಿ ಹೇಳಿದ್ದರೆ? ಮೆಕ್ಕಾ ಮಸೀದಿ ಪ್ರಕರಣದ ಹನ್ನೊಂದು ವರ್ಷದ ಹಾದಿ ಓದಿದಾಗಲೆಲ್ಲ ಆ ಫೋನ್ ಕರೆ ನೆನಪಾಗುತ್ತದೆ.

ಈಗ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಸ್ಟೇಷನ್ ಇದೆ, ವಾಟ್ಸ್‌ಆ್ಯಪ್ ಎನ್ನುವ ಸ್ಟೇಷನ್. ಅದಕ್ಕೆ ಪಾಳಿಯೂ ಇಲ್ಲ, ಪಕ್ಕದಲ್ಲಿ ನಿಂತು "ದನಿ ಏರಿಸಬೇಡ" ಎನ್ನುವ ಹಿರಿಯರೂ ಇಲ್ಲ. ಬೇರೆ ಊರಿನಲ್ಲಿ, ಬೇರೆ ಭಾಷೆಯವರ ನಡುವೆ ಮನೆ ಮಾಡಿಕೊಂಡಿರುವ ನಾವು ಕನ್ನಡಿಗರು ಇದನ್ನು ಇನ್ನೂ ಚೆನ್ನಾಗಿ ತಿಳಿಯಬೇಕು. ಪಕ್ಕದ ಫ್ಲಾಟಿನವರನ್ನು ನಂಬಿಯೇ ನಾವು ಇಲ್ಲಿ ಬೀಗದ ಕೈ ಕೊಟ್ಟು ಊರಿಗೆ ಹೋಗಿಬರುವುದು, ಅಲ್ಲವೇ? ಬಾಂಬ್ ಇಡುವವನಿಗೆ ಬೇಕಾಗಿರುವುದು ಆ ನಂಬಿಕೆ ಹೋಗುವುದೇ. ಸಿಡಿದದ್ದರ ಉಳಿದರ್ಧ ಕೆಲಸವನ್ನು ನಮ್ಮ ಕೈಯಿಂದ ಮಾಡಿಸಿಕೊಳ್ಳುತ್ತಾನೆ.

ಗೋಕುಲ್ ಚಾಟ್ ಮತ್ತೆ ತೆರೆಯಿತು, ಇವತ್ತಿಗೂ ಇದೆ. ರಾಮೇಶ್ವರಂ ಕೆಫೆ ಸುಮಾರು ಒಂದು ವಾರದಲ್ಲಿ ಬಾಗಿಲು ತೆರೆಯಿತು, ಜನ ಸಾಲು ನಿಂತು ಇಡ್ಲಿ ತಿಂದರು. ನಮ್ಮಣ್ಣ ಈಗಲೂ ಕೋಠಿಗೆ ಹೋಗುತ್ತಾನೆ, ಮಗಳನ್ನೂ ಕರೆದುಕೊಂಡು. ಅವನ ಗೆಳೆಯ ಮಾತ್ರ ಆ ಕಡೆ ಹೋಗುವುದಿಲ್ಲ. ಇಬ್ಬರೂ ಸರಿಯೇ ಎನ್ನಿಸುತ್ತದೆ ನನಗೆ.

ಇನ್ನು, ಫೋನ್ ಮಾಡಿದ ದಾವಣಗೆರೆಯ ತಂಗಿಗೆ: ಟ್ರಾನ್ಸಿಸ್ಟರ್ ಏನೂ ತಪ್ಪು ಮಾಡಿರಲಿಲ್ಲಮ್ಮ. ನಮ್ಮಜ್ಜಿಯ ತಲೆದೆಸೆಯಲ್ಲಿ ಕೊನೆಯ ದಿನದ ತನಕ ಒಂದು ಟ್ರಾನ್ಸಿಸ್ಟರ್ ಇತ್ತು. ವಿಮಾನದ ಸದ್ದಿಗೆ ಒಳಗೆ ಹೋಗುತ್ತಿದ್ದ ಆಕೆ ಒಳಗೆ ಹೋಗಿ ಮಾಡುತ್ತಿದ್ದದ್ದು ಗುಲಬರ್ಗಾ ಆಕಾಶವಾಣಿ ಹಚ್ಚುವುದು. ಬೋರ್ಡಿನಲ್ಲಿ ಬರೆದದ್ದನ್ನು ಪಾಲಿಸು, ಯಾರದೂ ಅಲ್ಲದ ವಸ್ತು ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ 112ಕ್ಕೆ ಹೇಳು. ನಿನ್ನ ರೇಡಿಯೋವನ್ನು ಮಾತ್ರ ಧೈರ್ಯವಾಗಿ ಹಚ್ಚು.

ಮತ್ತೆ ಶನಿವಾರ ಸಿಗೋಣ. ಅಲ್ಲಿಯವರೆಗೆ, ನಮಸ್ಕಾರ.